ಸಾಲಗಾರನ ಸೆರೆ: ಕಲಾದಗಿಯಿಂದ ಕ್ರೆಡಿಟ್ ಕಾರ್ಡಿನವರೆಗೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳೆಲ್ಲ ಕಲಾದಗಿ ಜಿಲ್ಲೆಗೆ ಸೇರಿದ್ದ ಕಾಲವೊಂದಿತ್ತು. 1876-78ರ ಭೀಕರ ಬರ ಈ ಸೀಮೆಯ ಬೆನ್ನು ಮುರಿಯಿತು. 1872ರಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಬದುಕುಳಿದವರ ಹೆಗಲ ಮೇಲೆ ಸಾಲವಿತ್ತು.

ಅಂದಿನ ಕಾನೂನಿನಂತೆ ಡಿಕ್ರಿ ಪಡೆದ ಸಾಹುಕಾರನು ಸಾಲಗಾರನನ್ನು ಸಿವಿಲ್ ಜೈಲಿಗೆ ಕಳುಹಿಸಬಹುದಿತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ನಾಲ್ಕು ವರ್ಷಗಳ ಬಳಿಕ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಹಣದ ಡಿಕ್ರಿಗಾಗಿ ಕೃಷಿಕನನ್ನು ಬಂಧಿಸಬಾರದೆಂದು ಅದು ವಿಧಿಸಿತು. ಆದರೆ ಮೊದಲಿಗೆ ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರಗಳಿಗೆ ಮಾತ್ರ ಅನ್ವಯಿಸಿತು. ಗದ್ದಲವೆದ್ದ ಕಡೆಗೆ ಪರಿಹಾರ ಹೋಯಿತು, ಸದ್ದಿಲ್ಲದೆ ಹಸಿದ ಕಲಾದಗಿ ಹೊರಗುಳಿಯಿತು!

ಸಂಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಮನ್ನಾ ಮಾಡುವುದು ಇನ್ನೂ ಉತ್ತಮ ಎಂಬುದು ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದ 280ನೇ ವಚನದ ಬೋಧನೆ. ಶಕ್ತನಾಗಿದ್ದೂ ಸತಾಯಿಸುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದರು. ಕೊಡಲಾಗದವನು ಬೇರೆ, ಕೊಡದವನು ಬೇರೆ. ಈ ದೇಶದ ಕಾನೂನು ಈ ಭೇದವನ್ನು ಗುರುತಿಸಿದ್ದು ಬಹಳ ತಡವಾಗಿ. 1936ರ ತಿದ್ದುಪಡಿಯು, ಸಾಮರ್ಥ್ಯವಿದ್ದೂ ತಪ್ಪಿಸಿಕೊಳ್ಳುವುದು ಮುಂತಾದ ದುರುದ್ದೇಶ ಸಾಬೀತಾಗದ ಹೊರತು ಸೆರೆಯಿಲ್ಲವೆಂದಿತು. 1980ರಲ್ಲಿ ಕೊಚ್ಚಿನ್ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಬಡತನದಿಂದ ಕೊಡಲಾಗದವನನ್ನು ಜೈಲಿಗಟ್ಟುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು.

ಇಳಕಲ್ಲಿನ ನೇಕಾರ ಕುಟುಂಬಗಳು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಕುಶಲಕರ್ಮಿಯ ಉಪಕರಣಗಳು, ರೈತನ ಬೇಸಾಯದ ಸಲಕರಣೆಗಳು, ಮನೆಯವರ ಉಡುಪು, ಅಡುಗೆ ಪಾತ್ರೆ, ಹಾಸಿಗೆಗಳನ್ನು ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಸೀರೆ ನೇಯುವ ಕೈಯಿಂದ ಮಗ್ಗವನ್ನೇ ಕಿತ್ತರೆ ಸಾಲ ತೀರುವುದಾದರೂ ಹೇಗೆ?

ಇಂದು ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿಲ್ಲ, ಕ್ರೆಡಿಟ್ ಕಾರ್ಡ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಬಿಲ್ಲಿನಲ್ಲಿ ಕಾಣುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಉಳಿದುದಕ್ಕೆ ತಿಂಗಳಿಗೆ ಶೇ. 3ರ ಆಸುಪಾಸಿನ ಬಡ್ಡಿ ಬೆಳೆಯುತ್ತದೆ. ಕಟ್ಟುವುದು ನಿಂತರೆ ದಂಡ, ಸಿಬಿಲ್ ದಾಖಲೆಯಲ್ಲಿ ಕಪ್ಪು ಗುರುತು, ವಸೂಲಿಗಾರರ ಕರೆ, ಕೊನೆಗೆ ಸಿವಿಲ್ ದಾವೆ. ಡಿಕ್ರಿಯಾದರೆ ಸಂಬಳದ ಒಂದು ಭಾಗ ಜಪ್ತಿಯಾಗಬಹುದು. ಮೋಸ ಅಥವಾ ಚೆಕ್ ಅಮಾನ್ಯದ ಮಾತು ಬೇರೆ; ಬರೀ ಬಾಕಿ ಅಪರಾಧವಲ್ಲ. ಪೊಲೀಸರು ಬರುತ್ತಾರೆಂದು ಬೆದರಿಸುವವರ ಮಾತಿಗೆ ನಮ್ಮ ಯುವಕರು ಹೆದರಿ, ಹಳೆಯ ಸಾಲ ತೀರಿಸಲು ಹೊಸ ಆ್ಯಪ್‌ಗಳಲ್ಲಿ ಸಾಲ ಮಾಡುವುದೇ ನಿಜವಾದ ದುರಂತ. ರಿಸರ್ವ್ ಬ್ಯಾಂಕಿನ 2022ರ ಸೂಚನೆಯಂತೆ ವಸೂಲಿಗಾರರು ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಬೆದರಿಸಲೂಬಾರದು. ಬ್ಯಾಂಕಿಗೆ ಲಿಖಿತವಾಗಿ ಕಂತು ಕೇಳುವುದು, ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ಅವಮಾನವೇನಲ್ಲ.

ಮಾನಕ್ಕಂಜಿ ಮುಚ್ಚಿಟ್ಟ ಸಾಲ ಮೊಹಲ್ಲಾಕ್ಕೆ ತಿಳಿಯುವುದು ಹೆಚ್ಚಾಗಿ ಮನೆ ಮುರಿದ ಮೇಲೆಯೇ. ಝಕಾತಿಗೆ ಅರ್ಹರಾದ ಎಂಟು ವಿಭಾಗಗಳಲ್ಲಿ ಸಾಲಗಾರರೂ ಇದ್ದಾರೆಂಬುದನ್ನು ನಮ್ಮ ಜಮಾಅತ್‌ಗಳು ರಮಝಾನ್‌ನಲ್ಲಿ ಎಷ್ಟು ಬಾರಿ ನೆನೆದಿವೆ?

ಒಮ್ಮೆ ಮದೀನಾದಲ್ಲಿ ಜನಾಝವೊಂದನ್ನು ತಂದರು. ಮೃತನ ಮೇಲೆ ಕೆಲವೇ ದೀನಾರ್‌ಗಳ ಸಾಲವಿತ್ತು, ಬಿಟ್ಟುಹೋದ ಸೊತ್ತಿರಲಿಲ್ಲ. ನಮಾಝ್ ನೀವೇ ನಿರ್ವಹಿಸಿರಿ ಎಂದು ಪ್ರವಾದಿವರ್ಯರು(ಸ) ಸಹಾಬಿಗಳಿಗೆ ಹೇಳಿದರು. ಅಬೂ ಕತಾದಃ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡರು. ಆಗ ಪ್ರವಾದಿವರ್ಯರು(ಸ) ಮುಂದೆ ಬಂದು ನಮಾಝ್ ನಿರ್ವಹಿಸಿದರು.