ದೈತ್ಯಪ್ರಾಣಿಗೆ ನಡಿಗೆ ಕಲಿಸಿದವರು

1993ರಲ್ಲಿ ತೆರೆಕಂಡ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಟಿರನೋಸಾರಸ್ ಕಾಣಿಸುವ ಮೊದಲೇ ಅದರ ತೂಕ ಬಂದು ತಲುಪುತ್ತದೆ. ಕಾರಿನೊಳಗಿಟ್ಟ ಲೋಟದ ನೀರು ಪ್ರತಿ ಹೆಜ್ಜೆಗೂ ನಡುಗುತ್ತದೆ. ಕಂಪ್ಯೂಟರಿನಲ್ಲಿ ರೂಪುಗೊಂಡ ಆಕೃತಿಗೆ ಒಂದು ಗ್ರಾಂ ತೂಕವೂ ಇಲ್ಲ. ಆದರೂ ಅದು ಟನ್ನುಗಟ್ಟಲೆ ಭಾರದ ಪ್ರಾಣಿಯೆಂದು ಪ್ರೇಕ್ಷಕರು ನಂಬಿದರು. ಈ ವಿದ್ಯೆ ಯಂತ್ರಕ್ಕೆ ಎಲ್ಲಿಂದ ಬಂತು? ಅದೇ ಯಂತ್ರದಿಂದ ಕಸುಬು ಕಳೆದುಕೊಳ್ಳುವ ಭೀತಿಯಲ್ಲಿದ್ದವರೇ ಅದನ್ನು ಕಲಿಸಿದರೆಂಬುದು ಈ ಇತಿಹಾಸದ ವಿಶೇಷ.

ನಡಿಗೆಯನ್ನು ಬಿಡಿಸಿ ನೋಡುವ ಪ್ರಯತ್ನ ಸಿನಿಮಾಕ್ಕಿಂತ ಹಳೆಯದು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ಒಂದೊಂದು ಕ್ಷಣವನ್ನೂ ಬೇರೆಬೇರೆಯಾಗಿ ಸೆರೆಹಿಡಿದರು. 1914ರಲ್ಲಿ ವಿನ್ಸರ್ ಮೆಕೇ ‘ಗರ್ಟಿ’ ಎಂಬ ಡೈನೊಸಾರಿಗೆ ಸಾವಿರಾರು ಚಿತ್ರಗಳಿಂದ ಜೀವ ತುಂಬಿದರು. ಒಂದು ಚಲನೆಗೆ ಬರೆದ ಚಿತ್ರಗಳನ್ನೇ ಸುತ್ತುಸುತ್ತಾಗಿ ಮರಳಿ ಬಳಸುವ ಉಪಾಯ ಅವರ ಕೈಯಲ್ಲಿತ್ತು. ಇಂದಿನ ‘ವಾಕ್ ಸೈಕಲ್’, ಅಂದರೆ ನಡಿಗೆಯ ಆವರ್ತನ, ಇದೇ ಉಪಾಯದ ಮುಂದುವರಿಕೆ.

ಮುಂದೆ ಗೊಂಬೆಗಳ ಕಾಲ ಬಂತು. 1933ರ ‘ಕಿಂಗ್ ಕಾಂಗ್’ ಚಿತ್ರದ ಭಾರಿ ಗೊರಿಲ್ಲಾ ಬಹುಪಾಲು ದೃಶ್ಯಗಳಲ್ಲಿ ಸುಮಾರು ಒಂದೂವರೆ ಅಡಿಯ ಗೊಂಬೆ. ವಿಲ್ಲಿಸ್ ಓಬ್ರಿಯನ್ ಅವರ ತಂಡ ಅದನ್ನು ಕೂದಲೆಳೆಯಷ್ಟು ಸರಿಸಿ ಒಂದು ಚೌಕಟ್ಟು ಚಿತ್ರಿಸುತ್ತಿತ್ತು. ಮತ್ತೆ ಸರಿಸಿ ಇನ್ನೊಂದು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚೌಕಟ್ಟು ಬೇಕು. ಬಾಲಕನಾಗಿದ್ದಾಗ ಈ ಚಿತ್ರ ನೋಡಿ ಮಾರುಹೋದ ರೇ ಹ್ಯಾರಿಹೌಸನ್ ಇದನ್ನೇ ಜೀವನವೃತ್ತಿ ಮಾಡಿಕೊಂಡರು. 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ನಲ್ಲಿ ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಕಾದುವ ಕೆಲವೇ ನಿಮಿಷಗಳ ದೃಶ್ಯಕ್ಕೆ ಅವರಿಗೆ ಹಿಡಿದದ್ದು ಸುಮಾರು ನಾಲ್ಕೂವರೆ ತಿಂಗಳು.

ಫಿಲ್ ಟಿಪೆಟ್ ಈ ಪರಂಪರೆಯವರು. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ನಾಲ್ಕು ಕಾಲಿನ ಯುದ್ಧಯಂತ್ರಗಳಿಗೆ ನಡಿಗೆ ಕೊಡಲು ಅವರ ತಂಡ ಆನೆಯ ನಡಿಗೆಯನ್ನು ಅಭ್ಯಾಸ ಮಾಡಿತ್ತು. ‘ಜುರಾಸಿಕ್ ಪಾರ್ಕ್’ಗೂ ಮೊದಲು ಗೊತ್ತಾಗಿದ್ದುದು ಅವರ ಗೊಂಬೆಗಳೇ. ಆದರೆ ಕಂಪ್ಯೂಟರಿನಲ್ಲಿ ನಡೆಯುವ ಟಿರನೋಸಾರಸ್‌ನ ಪರೀಕ್ಷಾರ್ಥ ತುಣುಕನ್ನು ಕಂಡ ಸ್ಟೀವನ್ ಸ್ಪಿಲ್‌ಬರ್ಗ್ ಮನಸ್ಸು ಬದಲಿಸಿದರು. ತಾನೂ ಡೈನೊಸಾರುಗಳಂತೆ ಅಳಿದುಹೋದೆನೆಂದು ಟಿಪೆಟ್ ಉದ್ಗರಿಸಿದರಂತೆ. ಆ ಮಾತೇ ರೂಪ ಬದಲಿಸಿ ಚಿತ್ರದ ಸಂಭಾಷಣೆಗೂ ಸೇರಿತು.

ಆದರೆ ಅವರು ಅಳಿಯಲಿಲ್ಲ. ಕಂಪ್ಯೂಟರ್ ಬಲ್ಲವರಿಗೆ ಪ್ರಾಣಿಯ ಚಲನೆ ಬಲ್ಲವರ ನೆರವು ಬೇಕಿತ್ತು. ಕೀಲುಗಳಲ್ಲಿ ಸಂವೇದಕಗಳಿದ್ದ ಲೋಹದ ಅಸ್ಥಿಪಂಜರವೊಂದನ್ನು ಸಿದ್ಧಪಡಿಸಲಾಯಿತು. ಗೊಂಬೆಯಾಟದಲ್ಲಿ ಪಳಗಿದವರು ಅದನ್ನು ಕೈಯಿಂದ ಸರಿಸಿದರೆ ಕಂಪ್ಯೂಟರ್ ಆ ಭಂಗಿಯನ್ನು ದಾಖಲಿಸಿಕೊಳ್ಳುತ್ತಿತ್ತು. ಕಂಪ್ಯೂಟರ್ ಕಲಾವಿದರು ಮೂಕಾಭಿನಯದ ತರಬೇತಿ ಪಡೆದು ಡೈನೊಸಾರುಗಳಂತೆ ತಾವೇ ಓಡಾಡಿದರು. ದೃಶ್ಯಪರಿಣಾಮಕ್ಕಾಗಿ ಆ ಚಿತ್ರಕ್ಕೆ ಬಂದ ಆಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಟಿಪೆಟ್ ಕೂಡ ಒಬ್ಬರು.

ಅವರು ಕಲಿಸಿದ್ದಾದರೂ ಏನು? ಒಂದು ಹೆಜ್ಜೆಗೆ ನಾಲ್ಕು ಮುಖ್ಯ ಭಂಗಿಗಳು: ಪಾದ ನೆಲ ಮುಟ್ಟುವುದು, ಭಾರಕ್ಕೆ ದೇಹ ಕುಗ್ಗುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ದೇಹ ಮೇಲೇಳುವುದು. ಮನುಷ್ಯನಿಗೂ ದೈತ್ಯಪ್ರಾಣಿಗೂ ಇವು ಸಮಾನ, ಬೇರೆಯಾಗುವುದು ಕಾಲಗತಿ. ತೂಗಾಡುವ ಲೋಲಕದ ಉದ್ದ 4 ಪಟ್ಟಾದರೆ ಅದರ ಒಂದು ತೂಗಿಗೆ 2 ಪಟ್ಟು ಸಮಯ ಬೇಕು. ಉದ್ದ ಕಾಲಿನ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಬೃಹತ್ ಪ್ರಾಣಿ ಮನುಷ್ಯನ ವೇಗದಲ್ಲಿ ಕಾಲೆತ್ತಿ ಇಟ್ಟರೆ ಅದು ತಕ್ಷಣ ಆಟಿಕೆಯಾಗಿಬಿಡುತ್ತದೆ. ಪಾದ ನೆಲದ ಮೇಲೆ ಎಳ್ಳಷ್ಟು ಜಾರಿದರೂ ತೂಕದ ಭ್ರಮೆ ಹರಿಯುತ್ತದೆ. ಸೊಂಟ ಮೊದಲು ಇಳಿಯಬೇಕು, ಬಾಲ ತುಸು ತಡವಾಗಿ ಹಿಂಬಾಲಿಸಬೇಕು.

ಇಷ್ಟೆಲ್ಲ ಎಚ್ಚರವಿದ್ದರೂ ಸಿನಿಮಾ ತನ್ನ ಸ್ವಾತಂತ್ರ್ಯ ಬಿಟ್ಟುಕೊಡಲಿಲ್ಲ. ಚಿತ್ರದ ಟಿರನೋಸಾರಸ್ ಜೀಪಿನ ಬೆನ್ನಟ್ಟಿ ಓಡುತ್ತದೆ. ಅಷ್ಟು ದೊಡ್ಡ ಪ್ರಾಣಿ ವೇಗವಾಗಿ ಓಡಲು ಕಾಲುಗಳಲ್ಲಿ ಅಸಾಧ್ಯವೆನಿಸುವಷ್ಟು ಸ್ನಾಯು ಇರಬೇಕಾಗುತ್ತಿತ್ತೆಂದು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೂ ಪ್ರೇಕ್ಷಕರು ನಂಬಿದ್ದರೆ, ಅದಕ್ಕೆ ಕಾರಣ ಪ್ರತಿ ಹೆಜ್ಜೆಯಲ್ಲಿದ್ದ ಭಾರ.

ಇಂದಿಗೂ ಅನಿಮೇಷನ್ ಕಲಿಯುವವರ ಆರಂಭದ ಪಾಠಗಳಲ್ಲಿ ನಡಿಗೆಯೂ ಒಂದು. ತಂತ್ರಾಂಶ ಎಷ್ಟೇ ಮುಂದುವರಿದಿರಲಿ, ದೈತ್ಯಪ್ರಾಣಿಯ ಹೆಜ್ಜೆ ಕೂಡಿಬರದಿದ್ದಾಗ ಅವರು ಮಾಡುವುದು ಹಳೆಯ ಕೆಲಸವನ್ನೇ: ಕುರ್ಚಿಯಿಂದೆದ್ದು, ಮೂಟೆ ಹೊತ್ತವರಂತೆ ಬೆನ್ನು ಬಾಗಿಸಿ, ನಾಲ್ಕು ಹೆಜ್ಜೆ ತಾವೇ ನಡೆದು ನೋಡುವುದು.