ನಾವು ಇಲ್ಲಿಯವರೇ: 'ಓನ್ಲಿ' ಎಂಬ ಪುಟ್ಟ ಪದದ ಕಥೆ



ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಾವು ಚರ್ಚ್ ಹಾಲ್‌ನಲ್ಲಿ ಇಂಟರ್‌ವ್ಯೂ ಅಭ್ಯಾಸ ಇಟ್ಟುಕೊಂಡಿದ್ದೆವು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯಿಂದ ಕೆಲಸ ಹುಡುಕಿ ಹೈದರಾಬಾದಿಗೆ ಹೋಗುವ ನಮ್ಮವರಿಗೆ ಇದು ಬೇಕೇ ಬೇಕು. ಮಕ್ತಲ್ ಕಡೆಯ ತಂಗಿಯೊಬ್ಬಳು ಎದ್ದು "ಐ ಆಮ್ ಫ್ರಮ್ ಮಕ್ತಲ್ ಓನ್ಲಿ" ಅಂದವಳು ಅಷ್ಟಕ್ಕೇ ನಿಂತುಬಿಟ್ಟಳು. ಹಿಂದಿನ ತಿಂಗಳು ಒಂದು ಆಫೀಸಿನಲ್ಲಿ ಇದೇ ಮಾತು ಹೇಳಿದಾಗ ಎದುರಿಗೆ ಕೂತಿದ್ದವರು ನಕ್ಕಿದ್ದರಂತೆ. ಕೆಲಸವೂ ಸಿಕ್ಕಿರಲಿಲ್ಲ. "ಅದರಾಗ ತಪ್ಪೇನೈತಿ? ನಾ ಮಕ್ತಲ್‌ದಾಕೀನೇ ಅಲ್ಲೇನು?" ಅಂತ ಕೇಳಿದಳು. ಆ ದಿನ ನಮ್ಮಲ್ಲಿ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. "ಮಕ್ತಲ್‌ದಾಕೀನೇ" ಅಂದಳಲ್ಲ, ಆ ಕೊನೆಯ 'ಏ' ನೋಡಿ. ನಮ್ಮ ವ್ಯಾಕರಣದವರು ಇದನ್ನು 'ಅವಧಾರಣೆ' ಅನ್ನುತ್ತಾರೆ. ಯಾವ ಮಾತಿಗೆ ಒತ್ತು ಬೇಕೋ ಅದರ ಬೆನ್ನಿಗೆ ಒಂದು 'ಏ' ಅಂಟಿಸಿದರೆ ಆಯಿತು. "ನಾನೇ ನಿನ್ನೆ ಬಂದೆ" ಬೇರೆ, "ನಾನು ನಿನ್ನೆಯೇ ಬಂದೆ" ಬೇರೆ. ಇಂಗ್ಲಿಷಿನಲ್ಲಿ ಇಂಥ ಅಂಟು ಇಲ್ಲ. ಆ ಕೆಲಸವನ್ನು ಅವರು ದನಿ ಏರಿಸಿ ಮಾಡುತ್ತಾರೆ, ಇಲ್ಲವೇ ವಾಕ್ಯವನ್ನೇ ತಿರುಗಿಸುತ್ತಾರೆ. ನಮಗೆ ಮಾತ್ರ ಮಾತಿನ ಹಿಂದೆ ಏನಾದರೂ ಹಚ್ಚದೆ ಸಮಾಧಾನ ಇಲ್ಲ. ಹಾಗಾಗಿ ಕೈಗೆ ಸಿಕ್ಕಿದ 'ಓನ್ಲಿ'ಯನ್ನೇ 'ಏ' ಮಾಡಿಕೊಂಡೆವು.

ನಮ್ಮ ಸೀಮೆಯಲ್ಲಿ ಇದು ಕನ್ನಡದವರ ಅಭ್ಯಾಸ ಅಷ್ಟೇ ಅಲ್ಲ. ನಾರಾಯಣಪೇಟೆ ಬಜಾರಿನಲ್ಲಿ ಅರ್ಧ ಗಂಟೆ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಕನ್ನಡದವರು "ನಾ ಇಲ್ಲೇ ಇರ್ತೀನಿ" ಅಂತಾರೆ, ತೆಲುಗಿನವರು "ನೇನು ಈಡನೇ ಉಂಟ" ಅಂತಾರೆ. ದಖ್ಖನಿ ಉರ್ದುವಿನವರದು "ಮೈ ಇಧರಿಚ್ ರಹತೂಂ", ಮರಾಠಿಯವರದು "ಮೀ ಇಥೇಚ್ ರಾಹತೋ". ಏ, ಏ, ಇಚ್, ಚ್. ನಾಲ್ಕರಲ್ಲೂ ಒತ್ತು ಹಿಂದೆಯೇ ಬರುತ್ತದೆ. ದಖ್ಖನಿಯ 'ಇಚ್' ಮರಾಠಿಯ 'ಚ್'ನಿಂದ ಬಂದದ್ದು ಎಂದು ವಿದ್ವಾಂಸರು ಹೇಳುತ್ತಾರೆ. ದೆಹಲಿ ಕಡೆಯ ಉರ್ದುವಿಗೆ ಈ 'ಇಚ್' ಗೊತ್ತಿಲ್ಲ. ಇಂಥ ಊರಿನಲ್ಲಿ ಹುಟ್ಟಿದವರು ಇಂಗ್ಲಿಷ್ ಕಲಿತಾಗ "ಹಿಯರ್ ಓನ್ಲಿ" ಅನ್ನದಿದ್ದರೇ ಆಶ್ಚರ್ಯ!

ಈ ನಾಲ್ಕು ಭಾಷೆ ಇಲ್ಲಿ ಕೂಡಿದ್ದಕ್ಕೆ ಚರಿತ್ರೆಯೂ ಇದೆ. ಈ ಮೂರೂ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಕಚೇರಿಯ ಭಾಷೆ ಉರ್ದು. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕು ಆಂಧ್ರಕ್ಕೆ ಬಂದವು. ಆ ಮೇಲೆ 2014ರಲ್ಲಿ ತೆಲಂಗಾಣ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಗಡಿ ಇಷ್ಟು ಸಲ ಬದಲಾದರೂ ಮನೆಯೊಳಗಿನ 'ಇಲ್ಲೇ' ಬದಲಾಗಲಿಲ್ಲ.

ಇಂಗ್ಲಿಷಿನವರ 'ಓನ್ಲಿ'ಯ ಹುಟ್ಟೂ ಕೇಳುವಂಥದ್ದೇ. ಹಳೆಯ ಇಂಗ್ಲಿಷಿನಲ್ಲಿ ಅದು 'ಆನ್‌ಲಿಕ್'. 'ಆನ್' ಅಂದರೆ ಒಂದು, 'ಲಿಕ್' ಅಂದರೆ ಹಾಗಿರುವುದು. ನಮ್ಮ 'ಒಂದೇ' ಕೂಡ 'ಒಂದು' ಮತ್ತು 'ಏ' ಸೇರಿ ಆದದ್ದು. ದೂರದ ಎರಡು ಭಾಷೆಗಳು ಒಂದೇ ಅಂಕಿಯಿಂದ ಹೊರಟಿವೆ. ಇನ್ನು 'ಮಾತ್ರ' ಸಂಸ್ಕೃತದ್ದು, ಅದಕ್ಕೆ ಅಳತೆ ಎಂಬ ಅರ್ಥ. ಪದ್ಯದ ಮಾತ್ರೆ, ಜ್ವರಕ್ಕೆ ನುಂಗುವ ಮಾತ್ರೆ ಎರಡೂ ಇದರ ಬಳಗವೇ. ಚರ್ಚ್ ಕಾಣಿಕೆಯ ರಸೀದಿಯಲ್ಲಿ "ಐನೂರು ರೂಪಾಯಿ ಮಾತ್ರ" ಅಂತ ಬರೆಯುತ್ತೇವಲ್ಲ, ಅದು ಇಷ್ಟೇ ಅಳತೆ, ಮುಂದೆ ಯಾರೂ ಸೇರಿಸಬೇಡಿ ಅನ್ನುವ ಬೇಲಿ. ಚೆಕ್ಕಿನ ಮೇಲಿನ 'ಓನ್ಲಿ' ಮಾಡುವುದೂ ಅದೇ ಕೆಲಸ.

ಆಫೀಸಿನವರು ನಕ್ಕಿದ್ದು ಏಕೆ ಅನ್ನುವುದು ಈಗ ತಿಳಿಯುತ್ತದೆ. ನಮ್ಮ ತಂಗಿ ಹೇಳಿದ್ದು "ಮಕ್ತಲ್‌ದವಳೇ" ಅಂತ. ಬರೀ ಪುಸ್ತಕದ ಇಂಗ್ಲಿಷ್ ಗೊತ್ತಿದ್ದವರಿಗೆ ಕೇಳಿಸಿದ್ದು "ಬರೀ ಮಕ್ತಲ್‌ನವಳು" ಅಂತ. ಅವಳು ಒತ್ತು ಕೊಟ್ಟಳು, ಅವರಿಗೆ ಅದು ಬೇಲಿಯಾಗಿ ಕೇಳಿಸಿತು. ಹಾಗೆಂದು ಇಂಗ್ಲಿಷಿನವರಲ್ಲಿ ಈ ಪದದ ಜಗಳ ಇಲ್ಲ ಅಂದುಕೊಳ್ಳಬೇಡಿ. ರಾಬರ್ಟ್ ಲೌತ್ ಎಂಬವರ ಇಂಗ್ಲಿಷ್ ವ್ಯಾಕರಣ 1762ರಲ್ಲಿ ಮೊದಲು ಅಚ್ಚಾಯಿತು. 'ಓನ್ಲಿ'ಯನ್ನು ಜನ ವಾಕ್ಯದಲ್ಲಿ ಸರಿಯಾದ ಜಾಗದಲ್ಲಿ ಇಡುವುದಿಲ್ಲ ಎಂದು ಅವರೂ ಗೊಣಗಿದವರೇ. ಮುಂದೆ ಅವರು ಲಂಡನ್ನಿನ ಬಿಷಪ್ ಆದರು! ಇತ್ತ ನಮ್ಮ ದೇಶದ 'ಓನ್ಲಿ'ಯನ್ನು ಕ್ಲೌಡಿಯಾ ಲಾಂಗೆ ಎಂಬ ವಿದ್ವಾಂಸೆ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಪ್ಪು ಎಂದು ತಳ್ಳದೆ ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವಾಗಿ ಪರೀಕ್ಷಿಸಿದ್ದಾರೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇದೇ ಪದ ಒಮ್ಮೆ ಧರ್ಮಸಭೆಯನ್ನೇ ಅಲುಗಾಡಿಸಿದೆ, ಅದನ್ನು ಬಿಡಲು ಮನಸ್ಸಿಲ್ಲ.

1522ರಲ್ಲಿ ಮಾರ್ಟಿನ್ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದರು. ರೋಮನರಿಗೆ ಬರೆದ ಪತ್ರದ 3:28ರಲ್ಲಿ, ಮನುಷ್ಯನು ವಿಶ್ವಾಸದಿಂದ ನೀತಿವಂತನಾಗುತ್ತಾನೆ ಎಂದು ಸಂತ ಪೌಲರು ಹೇಳುವ ಜಾಗದಲ್ಲಿ, 'ಅಲ್ಲೈನ್' ಎಂಬ ಪದ ಸೇರಿಸಿದರು. ಅದು ಅವರ ಭಾಷೆಯ 'ಮಾತ್ರ'. ಗ್ರೀಕ್ ಮೂಲದಲ್ಲಿ ಆ ಪದ ಇಲ್ಲ. ಇಲ್ಲದ್ದನ್ನು ಹೇಗೆ ಸೇರಿಸಿದಿರಿ ಎಂದು ವಿರೋಧಿಗಳು ಹಿಡಿದುಕೊಂಡರು. 1530ರಲ್ಲಿ ಲೂಥರ್ ಅನುವಾದದ ಬಗ್ಗೆ ಒಂದು ಬಹಿರಂಗ ಪತ್ರ ಬರೆದು ಉತ್ತರ ಕೊಟ್ಟರು. ಮೂಲದಲ್ಲಿ ಆ ಪದ ಇಲ್ಲವೆಂಬುದು ತನಗೂ ಗೊತ್ತು, ಆದರೆ ಒಂದನ್ನು ಹೌದು ಇನ್ನೊಂದನ್ನು ಅಲ್ಲ ಅನ್ನುವಾಗ ಜರ್ಮನರ ಬಾಯಲ್ಲಿ ಈ ಪದ ತಾನಾಗಿ ಬರುತ್ತದೆ ಅಂದರು. ರೈತ ಕಾಳು ತಂದ, ದುಡ್ಡು ತರಲಿಲ್ಲ ಎಂದು ಹೇಳುವ ಬಗೆಯನ್ನೇ ಉದಾಹರಣೆ ಕೊಟ್ಟರು. ಭಾಷೆ ಬೇಕಾದರೆ ಮನೆಯ ತಾಯಿಯನ್ನು, ಬೀದಿಯ ಮಕ್ಕಳನ್ನು, ಸಂತೆಯ ಜನರನ್ನು ಕೇಳಬೇಕು ಎಂಬುದು ಅವರ ವಾದ. ತಮ್ಮ ಬೋಧನೆಗೆ ಆ ಪದ ಬೇಕೇ ಬೇಕಿತ್ತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಇದನ್ನು ಓದಿದಾಗ ನಮಗೆ ಮಕ್ತಲ್ ತಂಗಿಯೇ ನೆನಪಾದಳು. ತಾಯಿನುಡಿಯ ಒತ್ತನ್ನು ಇನ್ನೊಂದು ಕಡೆಗೆ ದಾಟಿಸಿದ್ದು ಇಬ್ಬರೂ.

ಆದರೆ ಲೂಥರರ ಮಾತಿನ ಬೆಲೆ ದೊಡ್ಡದಿತ್ತು. ಗ್ರೀಕ್ ಬೈಬಲಿನಲ್ಲಿ 'ವಿಶ್ವಾಸದಿಂದ ಮಾತ್ರ' ಎಂಬ ಜೋಡಿ ಬರುವುದು ಒಂದೇ ಕಡೆ, ಸಂತ ಯಕೋಬರ ಪತ್ರದ 2:24ರಲ್ಲಿ. ಅಲ್ಲಿಯೂ ಅದರ ಜೊತೆ 'ಅಲ್ಲ' ಇದೆ. 1547ರಲ್ಲಿ ಟ್ರೆಂಟ್ ಮಹಾಸಭೆ 'ಮಾತ್ರ'ದ ಬೋಧನೆಯನ್ನು ಖಂಡಿಸಿತು. ನಂತರ ಶತಮಾನಗಟ್ಟಲೆ ಎರಡೂ ಕಡೆಯವರು ಬೇರೆ ಬೇರೆ ಕೂತರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರು ಮತ್ತು ಲೂಥರನ್ ವಿಶ್ವ ಒಕ್ಕೂಟದವರು ಈ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿದರು. ನಾವು ರಕ್ಷಣೆ ಹೊಂದುವುದು ದೇವರ ಕೃಪೆಯಿಂದಲೇ, ನಮ್ಮ ಪುಣ್ಯದಿಂದಲ್ಲ ಎಂಬುದನ್ನು ಇಬ್ಬರೂ ಒಪ್ಪಿದರು. 2006ರಲ್ಲಿ ಮೆಥೋಡಿಸ್ಟರೂ ಕೈಜೋಡಿಸಿದರು. ಮಾವನ ಮನೆ ಒಂದು ಚರ್ಚ್, ತವರು ಇನ್ನೊಂದು ಚರ್ಚ್ ಆಗಿರುವ ಕುಟುಂಬಗಳಿಗೆ ಇದು ದೂರದ ಸುದ್ದಿ ಅಲ್ಲ.

ಆ ತಂಗಿಗೆ ನಾವು ಹೇಳಿಕೊಟ್ಟಿದ್ದು ಇಷ್ಟೇ. ಇಂಟರ್‌ವ್ಯೂದಲ್ಲಿ "ಐ ಆಮ್ ಫ್ರಮ್ ಮಕ್ತಲ್" ಅಂತ ನಿಲ್ಲಿಸು. ನಿನ್ನೆಯೇ ಬಂದೆ ಅನ್ನಬೇಕಾದರೆ "ಐ ಕೇಮ್ ಓನ್ಲಿ ಯೆಸ್ಟರ್ಡೇ" ಅಂತ ಪದವನ್ನು ಮುಂದಕ್ಕೆ ತಾ, ಆಗ ಅವರಿಗೂ ಅದು ಶುದ್ಧ ಇಂಗ್ಲಿಷೇ. ಗೆಳತಿಯರ ಜೊತೆ "ಹಿಯರ್ ಓನ್ಲಿ" ಅನ್ನು, ನಗುವವರು ಯಾರೂ ಇಲ್ಲ. ಅವಳು ಕೂಡಲೇ "ಓಕೆ ಓನ್ಲಿ" ಅಂದು ನಮ್ಮನ್ನೇ ನಗಿಸಿದಳು.

ಮುಂದಿನ ಭಾನುವಾರ ಬರುವಾಗ ಮನೆಯಲ್ಲಿರುವ ಕನ್ನಡ ಬೈಬಲ್ ತನ್ನಿ, ಹಳೆಯದು ಹೊಸದು ಯಾವುದಾದರೂ ಸರಿ. ರೋಮ 3:28 ತೆಗೆದು ಅಲ್ಲಿ 'ದಿಂದ' ಎಂದಿದೆಯೋ 'ದಿಂದಲೇ' ಎಂದಿದೆಯೋ ಒಟ್ಟಿಗೆ ಕೂತು ನೋಡೋಣ. ತೆಲುಗು ಬೈಬಲ್ ಇದ್ದವರು ಅದನ್ನೂ ತನ್ನಿ.