ಹೆಬ್ಬಾತಿಗೂ ನಮಗೂ ನಡುವಿನ ದೂರ

2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಆನೆಯ ಸಮೀಪ ಹೋಗಿ ಚಿತ್ರ ತೆಗೆಯಲೆತ್ನಿಸಿದ ಪ್ರವಾಸಿಯೊಬ್ಬರು ಅದರ ಕಾಲಡಿ ಸಿಕ್ಕೂ ಬದುಕಿ ಉಳಿದರು. ಆಮೇಲೆ ಅವರಿಗೆ 25,000 ರೂಪಾಯಿ ದಂಡವನ್ನೂ ವಿಧಿಸಲಾಯಿತು. ಇಂಥ ಅಪಾಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಗದಗ ಜಿಲ್ಲೆಯ ಯಳವತ್ತಿ, ಮಾಗಡಿ ಸೀಮೆಯಲ್ಲಿ ಕಾಡಾನೆಯಿಲ್ಲ. ಇಲ್ಲಿನ ಅಪಾಯ ಸದ್ದಿಲ್ಲದ್ದು.

ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಗುರುತುಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾಯಿತು. ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಾಣು 18 ಮಂದಿಗೆ ತಗುಲಿ, 6 ಮಂದಿಯನ್ನು ಬಲಿ ತೆಗೆದುಕೊಂಡಿತು. ಎಲ್ಲಿಯ ಹಾಂಗ್‌ಕಾಂಗ್, ಎಲ್ಲಿಯ ಮಾಗಡಿ ಎಂದು ಆಗ ಯಾರಾದರೂ ನಕ್ಕಾರು. ಆದರೆ 2005ರಲ್ಲಿ ಚೀನಾದ ಕಿಂಘಾಯ್ ಸರೋವರದಲ್ಲಿ ಅದೇ ಜ್ವರಕ್ಕೆ 6,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಪಟ್ಟೆತಲೆ ಹೆಬ್ಬಾತುಗಳೇ. ಮನುಷ್ಯರಿಗೆ ಅದು ತಗುಲುವುದು ಹೆಚ್ಚಾಗಿ ಸಾಕುಕೋಳಿಗಳಿಂದ, ನಿಜ. ಆದರೂ ದಡದ ಹಿಕ್ಕೆ ತುಳಿದ ಚಪ್ಪಲಿ, ಸತ್ತ ಹಕ್ಕಿಯನ್ನೆತ್ತಿದ ಕೈ ನೇರವಾಗಿ ಮನೆಯ ಕೋಳಿಗೂಡಿಗೂ ಹೋಗಬಹುದಲ್ಲ!

ಹಕ್ಕಿಗಳ ಪಾಡೂ ಹಗುರವಲ್ಲ. ಸುಮಾರು 50 ಹೆಕ್ಟೇರಿನ ಈ ತಾಣ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಹೆಸರಾದ ಕೆರೆಗೆ ಕ್ಯಾಮೆರಾಗಳು ಬರುವುದು ಸಹಜ; ನಮ್ಮ ಕಸುಬೂ ಅದೇ ತಾನೆ. ನೀರಿನಂಚಿಗೆ ನುಗ್ಗಿದರೆ ಹಿಂಡು ಒಮ್ಮೆಗೇ ಮೇಲೇಳುವ ದೃಶ್ಯ ತೆರೆಯ ಮೇಲೆ ಚೆನ್ನಾಗಿಯೇ ಮೂಡುತ್ತದೆ. ಆದರೆ ಹಾಗೆ ಎದ್ದಾಗಲೆಲ್ಲ, ಮರಳಿ ಹಿಮಾಲಯ ದಾಟಲೆಂದು ಅವು ಮೈಯಲ್ಲಿ ಕೂಡಿಟ್ಟ ಕೊಬ್ಬು ಒಂದಿಷ್ಟು ವ್ಯರ್ಥವಾಗಿ ಕರಗುತ್ತದೆ. ಕೆರೆಯ ಏರಿಯ ಮೇಲೆಯೇ ನಿಂತು ದೂರದ ಮಸೂರ ಹಾಕಿದರೆ ಚಿತ್ರ ಸಿಗುತ್ತದೆ, ಹಿಂಡೂ ಏಳುವುದಿಲ್ಲ.